ದ್ವೀಪದ ಶಾಲೆಯಲ್ಲಿ ದಿನವಿಡೀ ಏನು ಮಾಡುತ್ತಿದ್ದೆ?

"ಅಷ್ಟು ಸಣ್ಣ ದ್ವೀಪದಲ್ಲಿ ಸ್ಕೂಲ್ ಬಿಟ್ಟ ಮೇಲೆ ಏನು ಮಾಡ್ತಿದ್ದೆ, ಬೇಜಾರಾಗ್ಲಿಲ್ವಾ?" ಮಾರ್ಷಲ್ ದ್ವೀಪಗಳಿಂದ ಬಂದಾಗಿನಿಂದ ನೆಂಟರು, ಸ್ನೇಹಿತರು, ಮೆಸೇಜ್ ಕಳಿಸುವ ಅಪರಿಚಿತರು ಎಲ್ಲರೂ ಇದನ್ನೇ ಕೇಳುತ್ತಾರೆ. ಇಲ್ಲ, ಬೇಜಾರಾಗಲಿಲ್ಲ. ಸ್ಕೂಲ್ ಬಿಟ್ಟ ಮೇಲೆಯೇ ನನಗೆ ನಿಜವಾದ ಕೆಲಸ ಶುರುವಾಗುತ್ತಿತ್ತು.

ಜಾಗ ಎಲ್ಲಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಹವಾಯಿಗೂ ಆಸ್ಟ್ರೇಲಿಯಾಕ್ಕೂ ನಡುವೆ, ಪೆಸಿಫಿಕ್ ಸಾಗರದಲ್ಲಿ ಚದುರಿಕೊಂಡಿರುವ 29 ಅಟಾಲ್‌ಗಳು, ಅಂದರೆ ಉಂಗುರದ ಆಕಾರದ ಹವಳದ ದ್ವೀಪಗಳು, ಜೊತೆಗೆ 5 ಬಿಡಿ ದ್ವೀಪಗಳು, ಇಷ್ಟು ಸೇರಿ ಒಂದು ದೇಶ. 2021ರ ಜನಗಣತಿಯಲ್ಲಿ ಸುಮಾರು 42 ಸಾವಿರ ಜನ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ರಾಜಧಾನಿ ಮಜುರೊದಲ್ಲೇ. ನೆಲ ಸಮುದ್ರಮಟ್ಟಕ್ಕಿಂತ ಸರಾಸರಿ 2 ಮೀಟರ್ ಅಷ್ಟೇ ಎತ್ತರ. ನಾನಿದ್ದದ್ದು ಐಲಿಂಗ್ಲಪ್ಲಪ್ ಅಟಾಲ್‌ನ ಒಂದು ಹಳ್ಳಿಯಲ್ಲಿ. ಕೆಲಸ ಇಂಗ್ಲಿಷ್ ಕಲಿಸುವುದು. ಶಾಲೆ ಆಗಸ್ಟ್‌ನಿಂದ ಮೇ ತಿಂಗಳ ತನಕ.

ಬೆಳಿಗ್ಗೆ ಟ್ಯಾಂಕಿನ ಮಳೆನೀರು ಒಂದು ಬಕೆಟ್, ಅದರಲ್ಲೇ ಸ್ನಾನ. ಮಳೆ ತಡವಾದರೆ ಅದೂ ಅರ್ಧ ಬಕೆಟ್. ನನ್ನನ್ನು ಇಟ್ಟುಕೊಂಡಿದ್ದ ಮನೆಯ ಅಮ್ಮ ಅನ್ನ, ಮೀನು, ಕಾಲ ಬಂದಾಗ ಕೆಂಡದಲ್ಲಿ ಸುಟ್ಟ ಜೀಗುಜ್ಜೆ ಕೊಡುತ್ತಿದ್ದರು. ಅಲ್ಲಿ ಭೂಮಿ ತಾಯಿಯ ಕಡೆಯಿಂದ ಮಕ್ಕಳಿಗೆ ಬರುತ್ತದೆ. ನಮ್ಮ ಕರಾವಳಿಯವರಿಗೆ ಅಳಿಯಸಂತಾನ ನೆನಪಾಗಬಹುದು. ಮೊಣಕಾಲು ಮುಚ್ಚುವ ಉದ್ದ ಲಂಗ ಹಾಕಿಕೊಂಡು, ಸಿಕ್ಕಿದವರಿಗೆಲ್ಲ "ಯಾಕ್ವೆ" ಅಂತ ಹೇಳುತ್ತಾ ಶಾಲೆಗೆ ನಡೆಯುವುದು. ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಕಷ್ಟ ಇದ್ದದ್ದು ಪಾಠದಲ್ಲಿ. ಎಂಟನೇ ಗ್ರೇಡ್ ಮುಗಿದ ಮೇಲೆ ಹೈಸ್ಕೂಲ್ ಬೇಕೆಂದರೆ ಮಕ್ಕಳು ಊರು ಬಿಡಬೇಕು. ಜಲುಯಿಟ್ ಅಟಾಲ್‌ನ ಹೈಸ್ಕೂಲಿಗೆ ಹೋಗಿ ಹಾಸ್ಟೆಲಿನಲ್ಲಿ ಇರಬೇಕು, ಇಲ್ಲವೇ ಮಜುರೊದಲ್ಲಿ ನೆಂಟರ ಮನೆ ಹಿಡಿಯಬೇಕು. ಅದಕ್ಕೆ ಮೊದಲು ಪರೀಕ್ಷೆ, ಅದರಲ್ಲಿ ಇಂಗ್ಲಿಷ್. ಆದರೆ ಹಳ್ಳಿಯಲ್ಲಿ ಯಾರೂ ಇಂಗ್ಲಿಷ್ ಮಾತಾಡಲ್ಲ, ಯಾಕೆ ಮಾತಾಡಬೇಕು? ಮನೆ, ಚರ್ಚು, ಆಟ ಎಲ್ಲ ಮಾರ್ಷಲೀಸ್‌ನಲ್ಲೇ. ಕಪಾಟಿನಲ್ಲಿದ್ದ ಪುಸ್ತಕಗಳು ಅಮೆರಿಕದ ಮಕ್ಕಳಿಗಾಗಿ ಬರೆದವು, ಅವುಗಳಲ್ಲಿ ಹಿಮ ಬೀಳುತ್ತದೆ, ಸುರಂಗದಲ್ಲಿ ರೈಲು ಓಡುತ್ತದೆ. ಮಕ್ಕಳು ನಾನು ಹೇಳಿದ್ದನ್ನು ಹಾಗೇ ಒಪ್ಪಿಸುತ್ತಿದ್ದರು, ಸ್ವಂತವಾಗಿ ಒಂದು ವಾಕ್ಯ ಹೇಳುತ್ತಿರಲಿಲ್ಲ.

ಅದು ಬದಲಾದದ್ದು ಕೊಬ್ಬರಿಯಿಂದ. ಹೊರದ್ವೀಪಗಳಲ್ಲಿ ಕೈಗೆ ದುಡ್ಡು ಬರುವ ದಾರಿ ಅಂದರೆ ಮುಖ್ಯವಾಗಿ ಕೊಬ್ಬರಿಯೇ. ಕಾಯಿ ಒಡೆದು, ಸಿಪ್ಪೆಯ ಬೆಂಕಿಯ ಮೇಲೆ ಒಣಗಿಸಿ, ಚೀಲಕ್ಕೆ ತುಂಬಿ ಹಡಗಿಗೆ ಹಾಕುತ್ತಾರೆ. ಆ ಹಡಗಿನಲ್ಲೇ ಅಕ್ಕಿ, ಹಿಟ್ಟು, ಸಕ್ಕರೆ ಬರುವುದು, ಹಾಗಾಗಿ ಹಡಗು ಬಂದ ದಿನ ತರಗತಿ ಅರ್ಧ ಖಾಲಿ. ನಾನು ತಿಪಟೂರಿನವಳು. ನಮ್ಮಲ್ಲಿ ಕಾಯನ್ನು ಒಡೆಯುವುದೇ ಇಲ್ಲ, ಸಿಪ್ಪೆ ಸಮೇತ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ, ಒಳಗೇ ಒಣಗಿ ಉಂಡೆ ಕೊಬ್ಬರಿ ಆಗುತ್ತದೆ ಅಂತ ಬೋರ್ಡಿನ ಮೇಲೆ ಅಟ್ಟದ ಚಿತ್ರ ಬರೆದು ತೋರಿಸಿದೆ. ಯಾರೂ ನಂಬಲಿಲ್ಲ! ಅಷ್ಟು ದಿನ ಅಕ್ಕಿಗೆ ಏನು ಮಾಡುತ್ತೀರಿ, ಇಲಿ ತಿನ್ನಲ್ವಾ, ಕೊಳೆಯಲ್ವಾ ಅಂತ ಒಬ್ಬರ ಮೇಲೊಬ್ಬರು ಕೇಳಿದರು. ಇಂಗ್ಲಿಷ್‌ನಲ್ಲೇ ಕೇಳಿದರು, ಅದೂ ತಪ್ಪಿಗೆ ಹೆದರದೆ.

ಆಮೇಲೆ ನನ್ನ ಮಧ್ಯಾಹ್ನಗಳೆಲ್ಲ ನಾಳೆಯ ಪಾಠ ಹುಡುಕುವುದಕ್ಕೇ ಹೋದವು. ಕೇದಗೆ ಜಾತಿಯ ಗಿಡದ ಗರಿ ಸೀಳಿ ಚಾಪೆ ಹೆಣೆಯುವ ಹೆಂಗಸರ ಪಕ್ಕ ಕೂತು ನಾನೂ ಹೆಣೆಯುವುದು, ದೋಣಿ ರಿಪೇರಿ ನೋಡುವುದು, ಕಡ್ಡಿಗಳನ್ನು ಕಟ್ಟಿ ಅಲೆಗಳ ದಾರಿ ಗುರುತಿಸುತ್ತಿದ್ದ ಹಳೇ ಕಾಲದ ನಕ್ಷೆಗಳ ಬಗ್ಗೆ ಹಿರಿಯರನ್ನು ಕೇಳುವುದು. ಜೊತೆಗೆ ಬರುವ ಮಕ್ಕಳೇ ನನಗೆ ದುಭಾಷಿಗಳು. ಅವರಿಗೆ ಗೊತ್ತೇ ಆಗದೆ ಸಂಜೆಯವರೆಗೂ ಇಂಗ್ಲಿಷ್ ನಡೆಯುತ್ತಿತ್ತು. ಭಾನುವಾರ ಮಾತ್ರ ಏನೂ ಇಲ್ಲ, ಚರ್ಚು ಮತ್ತು ಹಾಡು.

ಮಾರ್ಚ್ 1 ಅಲ್ಲಿ ಸರ್ಕಾರಿ ರಜೆ. 1954ರ ಆ ದಿನ ಅಮೆರಿಕ ಇಲ್ಲಿನ ಬಿಕಿನಿ ಅಟಾಲ್‌ನಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು, ಅದರ ವಿಷದ ಬೂದಿ ರೊಂಗೆಲಪ್ ಅಟಾಲ್‌ನ ಜನರ ಮೇಲೆ ಬಿತ್ತು. 1946ರಿಂದ 1958ರವರೆಗೆ ಈ ದೇಶದಲ್ಲಿ ಒಟ್ಟು 67 ಅಣ್ವಸ್ತ್ರ ಪರೀಕ್ಷೆಗಳು ನಡೆದವು. ಮನೆಯ ಹಿರಿಯರಿಂದ ಕೇಳಿದ್ದನ್ನು ಮೊದಲು ಮಾರ್ಷಲೀಸ್‌ನಲ್ಲಿ ಬರೆಯಿರಿ, ಆಮೇಲೆ ಇಂಗ್ಲಿಷ್‌ಗೆ ತನ್ನಿ ಅಂದೆ. ಎಂಟನೇ ಗ್ರೇಡಿನವರು ಪುಟಗಟ್ಟಲೆ ಬರೆದರು. ಈ ಮಾತು ಹೊರಗಿನವರಿಗೂ ತಲುಪಬೇಕು ಅಂತ ಅವರಿಗೇ ಅನಿಸಿತ್ತು. ಪರೀಕ್ಷೆಗಾಗಿ ನಾನು ಮಾಡಿಸಿದ ಯಾವ ಅಭ್ಯಾಸಕ್ಕೂ ಅಷ್ಟು ಶಕ್ತಿ ಇರಲಿಲ್ಲ.

"ನಾವೂ ಹೋಗಬಹುದಾ?" ಅಂತ ಕೇಳುವವರಿಗೆ: ಹೋಗಿ, ಆದರೆ ಪೂರ್ತಿ ಶಾಲಾ ವರ್ಷಕ್ಕೆ ಹೋಗಿ. ಮಧ್ಯದಲ್ಲಿ ಬಿಟ್ಟು ಬಂದರೆ ಆ ತರಗತಿಗೆ ಬೇರೆ ಟೀಚರ್ ಸಿಗುವುದು ಸುಲಭವಲ್ಲ. ಅಲ್ಲಿನ ಶಿಕ್ಷಕರ ಜೊತೆ ಕೂತು ಪಾಠ ತಯಾರು ಮಾಡಿ, ನೀವು ವಾಪಸ್ ಬಂದ ಮೇಲೂ ಆ ಮಕ್ಕಳಿಗೆ ಕಲಿಸುವವರು ಅವರೇ. ಚಾಕ್, ನೋಟ್‌ಬುಕ್, ಟಾರ್ಚ್ ಎಲ್ಲ ಮಜುರೊದಲ್ಲೇ ಜಾಸ್ತಿ ತೆಗೆದುಕೊಳ್ಳಿ, ಮುಂದಿನ ಹಡಗು ಯಾವಾಗ ಅಂತ ಯಾರೂ ಖಚಿತವಾಗಿ ಹೇಳಲಾರರು.