ಅಸಲು ಎಷ್ಟು ಬಿತ್ತು? ಹದಿಹರೆಯದ ವ್ಯಾಪಾರಿಗಳಿಗೆ ನಾನು ಕೇಳುವ ಮೊದಲ ಪ್ರಶ್ನೆ

ಮಂಡ್ಯದ ಒಂದು ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಅಕ್ಕಿ ಗಿರಣಿ, ಬೆಲ್ಲದ ಮಂಡಿ, ಹಾರ್ಡ್‌ವೇರ್ ಅಂಗಡಿಗಳ ಪುಸ್ತಕಗಳೇ ಜಾಸ್ತಿ. ಈಚೆಗೆ ಹದಿನಾರು, ಹದಿನೇಳು ವಯಸ್ಸಿನ ಮಕ್ಕಳೂ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಬರುತ್ತಾರೆ. ಒಬ್ಬ ಟೀ ಶರ್ಟ್ ಪ್ರಿಂಟ್ ಹಾಕಿಸಿ ಕಾಲೇಜಿನಲ್ಲಿ ಮಾರುತ್ತಾನೆ. ಒಬ್ಬಳು ಮದುವೆಮನೆಗೆ ಮೆಹಂದಿ ಹಾಕಲು ಹೋಗುತ್ತಾಳೆ. ಫೋಟೋ ತೆಗೆಯುವುದು, ರೀಲ್ಸ್ ಮಾಡುವುದು ಇವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಧೈರ್ಯಕ್ಕೂ ಕಡಿಮೆ ಇಲ್ಲ. ಆದರೆ "ಅಸಲು ಎಷ್ಟು ಬಿತ್ತು?" ಅಂದರೆ ಮುಖ ಮುಖ ನೋಡುತ್ತಾರೆ. ಚಿಕ್ಕ ವಯಸ್ಸಿಗೆ ವ್ಯಾಪಾರಕ್ಕೆ ಇಳಿಯುವವರು ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ಇದನ್ನೇ ಅಂತ ನನ್ನ ಗಟ್ಟಿ ನಂಬಿಕೆ.

ಪಿಯುಸಿ ಓದುವ ಒಬ್ಬ ಹುಡುಗಿ ಮನೆಯಲ್ಲೇ ರಾಗಿ ಉಂಡೆ ಮಾಡಿ ಕೆಜಿಗೆ 300 ರೂಪಾಯಿಯಂತೆ ಮಾರುತ್ತಿದ್ದಳು. "ಕೆಜಿಗೆ ನೂರು ರೂಪಾಯಿ ಉಳಿಯುತ್ತೆ ಅಕ್ಕ" ಅಂದಳು. ಒಂದು ಹಾಳೆ ಕೊಟ್ಟು ಬರೆಯಮ್ಮ ಅಂದೆ. ರಾಗಿ ಹಿಟ್ಟು 24, ಬೆಲ್ಲ 18, ತುಪ್ಪ 140, ಕಡಲೇಕಾಯಿ ಬೀಜ 16. ಒಟ್ಟು 198. ಅವಳ ಲೆಕ್ಕ ಅಲ್ಲಿಗೆ ನಿಂತಿತ್ತು. ಡಬ್ಬ, ಸ್ಟಿಕ್ಕರ್ ಎಷ್ಟು ಅಂತ ಕೇಳಿದೆ. 20. ಗ್ಯಾಸ್? 12 ಅಂತ ಅಂದಾಜು ಮಾಡಿದೆವು. ಅಣ್ಣನ ಗಾಡಿಯಲ್ಲಿ ಹೋಗಿ ಕೊಟ್ಟು ಬರುವ ಪೆಟ್ರೋಲ್ ಕೆಜಿಗೆ 25 ಬಿತ್ತು. ಈಗ ಅಸಲು 255. ಉಳಿದದ್ದು ನೂರಲ್ಲ, 45.

"ನಿನ್ನ ಕೂಲಿ ಎಲ್ಲಮ್ಮ?"

"ನಾನೇ ಮಾಡೋದಲ್ವಾ ಅಕ್ಕ, ನನಗ್ಯಾಕೆ ಕೂಲಿ?"

ಈ ಮಾತನ್ನು ಎಲ್ಲ ಮಕ್ಕಳ ಬಾಯಲ್ಲೂ ಕೇಳುತ್ತೇನೆ. ಪರೀಕ್ಷೆ ಬಂದಾಗ ಇವಳ ಬದಲು ಯಾರನ್ನಾದರೂ ಕೂರಿಸಿದರೆ ಅವರು ಸುಮ್ನೆ ಮಾಡಿಕೊಡುತ್ತಾರಾ? ಕೆಜಿಗೆ 80 ರೂಪಾಯಿ ಕೂಲಿ ಸೇರಿಸಿದೆವು. 335 ಆಯಿತು. ಮಾರುವ ಬೆಲೆ 380 ಅಂತ ಅವಳೇ ಗೊತ್ತು ಮಾಡಿದಳು. ಕೆಲವರು ಬಿಟ್ಟರು, ಹೆಚ್ಚಿನವರು ಉಳಿದರು. ಆಮೇಲೆ ಮೈಸೂರಿನ ಒಂದು ಅಂಗಡಿಯವರು ನಾವೇ ಬಂದು ಒಯ್ಯುತ್ತೇವೆ, 300ಕ್ಕೆ ಕೊಡು ಅಂದರು. ಪೆಟ್ರೋಲ್ ಕಳೆದರೂ ಅಸಲೇ 310. ಹಾಳೆ ನೋಡಿಕೊಂಡು "340ಕ್ಕಿಂತ ಕೆಳಗೆ ಗಿಟ್ಟಲ್ಲ ಸಾರ್" ಅಂದಳಂತೆ. ಅವರು ಒಪ್ಪಿದರು. ಚೌಕಾಸಿಯ ಜಾಣ್ಮೆ ಅಂತ ಬೇರೆ ಏನೂ ಇಲ್ಲ, ಎಲ್ಲಿ ನಿಲ್ಲಬೇಕು ಅಂತ ಗೊತ್ತಿದ್ದರೆ ಮಾತು ತಾನಾಗಿ ಬರುತ್ತದೆ.

ಇನ್ನು ದುಡ್ಡು ಬಂದು ಬೀಳುವ ಜಾಗ. ಬಹಳ ಮನೆಗಳಲ್ಲಿ ಮಕ್ಕಳ ವ್ಯಾಪಾರಕ್ಕೂ ಅಮ್ಮನ ಕ್ಯೂಆರ್ ಕೋಡೇ. ಅದೇ ಖಾತೆಗೆ ಡೇರಿ ಬಟವಾಡೆ, ಸಂಘದ ಸಾಲ, ಮಾವ ಕಳಿಸಿದ ದುಡ್ಡು ಎಲ್ಲ ಬರುತ್ತದೆ. ತಿಂಗಳ ಕೊನೆಗೆ ಯಾವುದು ಉಂಡೆಯದು, ಯಾವುದು ಹಾಲಿನದು? 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಗಳಿಗೆ ನೋಟಿಸ್ ಕಳಿಸಿದಾಗ ಈ ಪಾಡು ಕಣ್ಣಾರೆ ಕಂಡೆ. ಕೈಸಾಲದ ದುಡ್ಡಿಗೂ ವಿವರ ಹುಡುಕಬೇಕಾಯಿತು. ವರ್ಷಕ್ಕೆ ಸರಕಿನ ವಹಿವಾಟು 40 ಲಕ್ಷ, ಸೇವೆಯಾದರೆ 20 ಲಕ್ಷ ದಾಟುವ ತನಕ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಮಕ್ಕಳು ಅಷ್ಟು ದೂರ ಹೋಗುವುದಿಲ್ಲ, ನಿಜ. ಆದರೂ ಖಾತೆ ಬೇರೆ ಇರಲಿ. ಹತ್ತು ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ನಡೆಸಲು ರಿಸರ್ವ್ ಬ್ಯಾಂಕಿನ ನಿಯಮ ಅವಕಾಶ ಕೊಡುತ್ತದೆ, ಮಿತಿಯನ್ನು ಆಯಾ ಬ್ಯಾಂಕ್ ಹಾಕುತ್ತದೆ.

ಕಾನೂನಿನ ಒಂದು ಮಾತು ಅಪ್ಪ ಅಮ್ಮನಿಗೂ ಗೊತ್ತಿರಬೇಕು. 1872ರ ಕರಾರು ಕಾಯ್ದೆಯ ಪ್ರಕಾರ 18 ತುಂಬದವರು ಮಾಡಿಕೊಂಡ ಕರಾರು ನಿಲ್ಲುವುದಿಲ್ಲ. ಹಾಗಾಗಿ ಅಂಗಡಿ ಬಾಡಿಗೆ ಪತ್ರವಾಗಲಿ, ಸಗಟು ವ್ಯಾಪಾರಿಯ ಸಾಲವಾಗಲಿ ದೊಡ್ಡವರ ಹೆಸರಿಗೇ ಬರುತ್ತದೆ. ತಿಂಡಿ ಮಾರುವವರಿಗೆ ಬೇಕಾದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿಯನ್ನೂ ಅಮ್ಮನ ಹೆಸರಲ್ಲೇ ಮಾಡಿಸುತ್ತೇವೆ. ಹೆಸರು ಕೊಟ್ಟ ಮೇಲೆ ವಾರಕ್ಕೊಮ್ಮೆ ಮಗಳ ಜಮಾಖರ್ಚಿನ ಪುಸ್ತಕ ನೋಡುವುದು ಅಮ್ಮನ ಹಕ್ಕೂ ಹೌದು, ಕೆಲಸವೂ ಹೌದು. ಆದಾಯ ತೆರಿಗೆಯಲ್ಲಿ ಮಕ್ಕಳ ಆದಾಯವನ್ನು ಸಾಮಾನ್ಯವಾಗಿ ಅಪ್ಪ ಅಥವಾ ಅಮ್ಮನ ಆದಾಯಕ್ಕೆ ಸೇರಿಸುತ್ತಾರೆ. ಆದರೆ ಮೈಮುರಿದು ದುಡಿದದ್ದು, ಕೈಚಳಕದಿಂದ ಗಳಿಸಿದ್ದು ಅವರದೇ ಲೆಕ್ಕಕ್ಕೆ ಬರುತ್ತದೆ. ಮೆಹಂದಿ ಹಾಕುವ ಹುಡುಗಿಗೆ ಇದನ್ನು ಹೇಳಿದಾಗ ಅವಳ ಮುಖ ಅರಳಿದ್ದು ನೋಡಬೇಕಿತ್ತು.

ಇವೆಲ್ಲಕ್ಕಿಂತ ಮಕ್ಕಳಿಗೆ ಕಷ್ಟವಾಗುವುದು ಬಾಕಿ ಕೇಳುವುದು. ನಮ್ಮ ಕಡೆ ಮೊದಲ ಗಿರಾಕಿಗಳೆಲ್ಲ ನೆಂಟರು, ಅಕ್ಕಪಕ್ಕದವರು. "ಆಮೇಲೆ ಕೊಡ್ತೀನಿ ಕಣವ್ವ" ಅಂತ ಡಬ್ಬ ಒಯ್ಯುತ್ತಾರೆ. ದೊಡ್ಡವರನ್ನು ಹೇಗೆ ಕೇಳುವುದು ಅಂತ ಮಗು ಒಳಗೇ ಕೊರಗುತ್ತದೆ. ಅದಕ್ಕೆ ನಾನು ಕೇಳುವ ರೀತಿಯನ್ನೇ ಬಾಯಿಪಾಠ ಮಾಡಿಸುತ್ತೇನೆ: "ಅತ್ತೆ, ನಾಳೆ ಬೆಲ್ಲ ತರಬೇಕು, ಹೋದ ವಾರದ 380 ಕೊಟ್ಟರೆ ಅನುಕೂಲ ಆಗುತ್ತೆ." ಕಾರಣ ಇದೆ, ಮೊತ್ತ ಇದೆ, ಮರ್ಯಾದೆಯೂ ಇದೆ. ಬಾಕಿ ತೀರುವ ತನಕ ಅದೇ ಮನೆಗೆ ಎರಡನೇ ಡಬ್ಬ ಬೇಡ. ಮನೆಯ ದೊಡ್ಡವರಲ್ಲೂ ನನ್ನ ಕೋರಿಕೆ ಇಷ್ಟೇ: ಪಕ್ಕದ ಮನೆ ಹುಡುಗಿಯ ಹತ್ತಿರ ಏನಾದರೂ ಕೊಂಡರೆ ದುಡ್ಡನ್ನು ಆಗಲೇ ಕೊಟ್ಟುಬಿಡಿ.