ತಾಂಡಾದಲ್ಲಿ ‘ನಿಮ್ಮೂರು ಯಾವುದು’ ಎಂದು ಕೇಳುವ ಮೊದಲು

ಗುಳೆಯ ಅಧ್ಯಯನಕ್ಕೆಂದು ದಾವಣಗೆರೆ, ಚಿತ್ರದುರ್ಗದ ಲಂಬಾಣಿ ತಾಂಡಾಗಳಿಗೆ ಜನವರಿ, ಫೆಬ್ರವರಿಯಲ್ಲಿ ಹೋದರೆ ಬೀಗ ಹಾಕಿದ ಮನೆಗಳೇ ಎದುರಾಗುತ್ತವೆ. ದೀಪಾವಳಿ ಮುಗಿಸಿ ಕಾಫಿ ಹಣ್ಣು ಬಿಡಿಸಲೋ ಕಬ್ಬು ಕಡಿಯಲೋ ಹೊರಟವರು ಮರಳುವುದು ಯುಗಾದಿಯ ಹೊತ್ತಿಗೆ. ಅಲ್ಲಿಯವರೆಗೆ ಊರಲ್ಲಿರುವವರು ಮುದುಕರು ಮತ್ತು ಮೊಮ್ಮಕ್ಕಳು. 2011ರ ಜನಗಣತಿಯ ಎಣಿಕೆ ನಡೆದದ್ದೂ ಫೆಬ್ರವರಿ 9ರಿಂದ 28ರವರೆಗೆ. ಹಾಗಾಗಿ ಗುಳೆ ಹೋಗುವವರ ವಿಷಯದಲ್ಲಿ ಆ ಅಂಕಿಗಳನ್ನೇ ನೆಚ್ಚಿಕೊಳ್ಳಬಾರದು. 2007–08ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಒಂದು ತಿಂಗಳಿಂದ ಆರು ತಿಂಗಳೊಳಗೆ ದುಡಿಯಲು ಹೊರಗಿದ್ದವರನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿತು; ಅದು ಒಳ್ಳೆಯ ಕೆಲಸ. ಹೋಗಲು ಸರಿಯಾದ ಕಾಲ ದೀಪಾವಳಿಯ ಮುಂಚಿನ ವಾರ. ಹುಡುಗಿಯರು ದೀಪ ಹಿಡಿದು ಮನೆಮನೆಗೆ ‘ಮೇರಾ’ ಎಂಬ ಹಾರೈಕೆ ಹೇಳುವ ಹಬ್ಬಕ್ಕೆ ಎಲ್ಲರೂ ಊರಲ್ಲಿರುತ್ತಾರೆ.

ಮೊದಲು ವಂಶಾವಳಿ ಬರೆಯಿರಿ. ಡಬ್ಲ್ಯೂ.ಎಚ್.ಆರ್. ರಿವರ್ಸ್ ಎಂಬ ಮಾನವಶಾಸ್ತ್ರಜ್ಞ ನೂರು ವರ್ಷಕ್ಕೂ ಹಿಂದೆ ರೂಢಿಗೆ ತಂದ ಈ ವಿಧಾನ ಇಂದಿಗೂ ಸವೆದಿಲ್ಲ. ದೊಡ್ಡ ಹಾಳೆಯಲ್ಲಿ ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಜೋಡಿಗೆರೆ, ತೀರಿಕೊಂಡವರ ಮೇಲೆ ಓರೆಗೆರೆ. ಕನಿಷ್ಠ ಮೂರು ತಲೆಮಾರು ಬೇಕು. ಪ್ರತಿ ಹೆಸರಿನ ಕೆಳಗೆ ಹುಟ್ಟಿದ ಊರು, ದುಡಿದ ಊರು, ಸತ್ತ ಊರು ಬರೆಯಬೇಕು. ಇಲ್ಲಿ ತಪ್ಪಿಹೋಗುವವರು ಮದುವೆಯಾಗಿ ಹೋದ ಹೆಣ್ಣುಮಕ್ಕಳು. ‘ಮಕ್ಕಳೆಷ್ಟು’ ಎಂದರೆ ಮನೆಯಲ್ಲಿರುವವರನ್ನಷ್ಟೇ ಹೇಳುತ್ತಾರೆ; ಕೊಟ್ಟ ಹೆಣ್ಣುಮಕ್ಕಳನ್ನೂ ತೀರಿಕೊಂಡ ಮಕ್ಕಳನ್ನೂ ಬೇರೆಯಾಗಿ ಕೇಳಬೇಕು. ಊರು ಬಿಟ್ಟ ಕಾರಣಕ್ಕೆ ‘ಮದುವೆ’ ಎಂದು ಬರೆದು ಮುಗಿಸುವುದೂ ತಪ್ಪು. ಹತ್ತು ಸುಗ್ಗಿ ಕಾಫಿ ಬಿಡಿಸಿದ ಹೆಂಗಸು ಸರ್ಕಾರಿ ಪಟ್ಟಿಯಲ್ಲಿ ಮದುವೆಗೆ ಊರು ಬಿಟ್ಟವಳಾಗಿ ಮಾತ್ರ ಉಳಿದುಬಿಡುತ್ತಾಳೆ.

ಇಸವಿ ಕೇಳಿದರೆ ಉತ್ತರ ತಪ್ಪುತ್ತದೆ. ದಾವಣಗೆರೆ ಜಿಲ್ಲೆಯಾದದ್ದು (1997), ನೋಟು ರದ್ದಾದದ್ದು (2016), ಲಾಕ್‌ಡೌನ್ (2020), ಇಂಥ ಗುರುತುಗಳ ಹಿಂದು ಮುಂದು ಕೇಳಿದರೆ ನೆನಪು ಜಾಗಕ್ಕೆ ಬರುತ್ತದೆ.

ಇನ್ನು ‘ನಿಮ್ಮೂರು ಯಾವುದು’ ಎಂಬ ಪ್ರಶ್ನೆ. ತೋಟದ ಲೈನ್‌ಮನೆಯಲ್ಲಿ (ಕೂಲಿಯವರ ಸಾಲುಮನೆ) ಕೇಳಿದರೆ ಒಂದು ಉತ್ತರ, ತಾಂಡಾದಲ್ಲಿ ಇನ್ನೊಂದು, ಬೆಂಗಳೂರಿನ ಶೆಡ್ಡಿನಲ್ಲಿ ಮತ್ತೊಂದು. ಮೂರೂ ನಿಜ. ಆದ್ದರಿಂದ ಆ ಪ್ರಶ್ನೆಯನ್ನು ಒಡೆದು ಕೇಳಬೇಕು: ಓಟು ಎಲ್ಲಿದೆ? ರೇಷನ್ ಕಾರ್ಡು ಎಲ್ಲಿಯದು, ಅಕ್ಕಿ ತರುವುದೆಲ್ಲಿ? (ಈಗ ಬೇರೆ ಊರಲ್ಲೂ ಪಡಿತರ ಸಿಗುವುದರಿಂದ ಇವು ಎರಡು ಪ್ರಶ್ನೆಗಳು.) ಮೊದಲ ಹೆರಿಗೆ ಎಲ್ಲಾಯಿತು? ಉಳಿದ ದುಡ್ಡಲ್ಲಿ ಗೋಡೆ ಎದ್ದದ್ದು ಯಾವ ಊರಲ್ಲಿ? ಸತ್ತವರನ್ನು ಎಲ್ಲಿಗೆ ಒಯ್ದರು? ಹರಕೆ ಯಾವ ಊರಿನ ದೇವರಿಗೆ? ನನ್ನ ಮಟ್ಟಿಗೆ ಗೋಡೆ ಮತ್ತು ಹೆಣ, ಇವೆರಡರ ಉತ್ತರವೇ ಉಳಿದೆಲ್ಲಕ್ಕಿಂತ ಭಾರ. ಬಾಯಲ್ಲಿ ಹೇಳುವ ಊರು ಕೇಳುವವರನ್ನು ನೋಡಿ ಬದಲಾಗುತ್ತದೆ. ಸಾಲ ಮಾಡಿ ಹೆಣ ಸಾಗಿಸಿದ ದಾರಿ ಬದಲಾಗುವುದಿಲ್ಲ.

ಹರಕೆಯ ಮಾತು ಬಂದರೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವನ್ನು ಬಿಡುವಂತಿಲ್ಲ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು, ಅಂದರೆ ಲಂಬಾಣಿಗರು, ನಂಬುವ ಊರು ಅದು. ಫೆಬ್ರವರಿಯ ಜಯಂತಿಗೆ ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದಲೂ ಭಕ್ತರು ಬರುತ್ತಾರೆ. ಮಾಲೆ ಹಾಕಿಕೊಂಡವರು ನಡೆದೇ ಬರುತ್ತಾರೆ. ಮಾತು ಒಂದು, ದೇವರು ಒಂದು, ಕಾಗದ ಮಾತ್ರ ಬೇರೆ ಬೇರೆ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ, ತೆಲಂಗಾಣ ಮತ್ತು ಆಂಧ್ರದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಇಲ್ಲಿನ ಜಾತಿ ಪ್ರಮಾಣಪತ್ರ ಹಿಡಿದು ಅಲ್ಲಿ ನೆಲೆಸಿದವರಿಗೆ ಆ ರಾಜ್ಯದ ಮೀಸಲಾತಿ ಸಿಗುವುದಿಲ್ಲ. ಗಡಿ ದಾಟಿದ ಮನೆಗಳಲ್ಲಿ ಮಕ್ಕಳ ಶಾಲಾ ದಾಖಲೆ ಎಲ್ಲಿಯದೆಂದು ಕೇಳಲು ಮರೆಯಬೇಡಿ.

ಹೆಸರಿನಲ್ಲೂ ಎಚ್ಚರ ಬೇಕು. ದುರ್ಗದ ಸೀಮೆಯಲ್ಲಿ ‘ನಾಯಕ’ ಎಂದಿದ್ದರೆ ಸಾಮಾನ್ಯವಾಗಿ ವಾಲ್ಮೀಕಿ ಸಮುದಾಯದವರು, ‘ನಾಯ್ಕ’ ಎಂದಿದ್ದರೆ ಲಂಬಾಣಿಗರು. ದಾಖಲೆ ಬರೆದವರು ಎರಡನ್ನೂ ಕಲಸಿರುತ್ತಾರೆ. ರಾಠೋಡ, ಪವಾರ, ಚವ್ಹಾಣ, ಜಾಧವ ಎಂಬ ಕುಲದ ಹೆಸರು ಕೇಳಿ ಖಾತ್ರಿ ಮಾಡಿಕೊಳ್ಳಿ.

ಕೂಲಿಗೆ ಆಳು ಕರೆದೊಯ್ಯುವ ಮೇಸ್ತ್ರಿ ಕೊಟ್ಟ ಮುಂಗಡದ ಲೆಕ್ಕವನ್ನು ಅವನೆದುರು ಕೇಳಲೇಬಾರದು. ಅವನು ಬಹಳ ಸಲ ಅದೇ ತಾಂಡಾದವನು, ನೆಂಟನೂ ಹೌದು. ವರದಿಯಲ್ಲಿ ತಾಂಡಾದ ಹೆಸರು ಬದಲಿಸಿದರೆ ಸಾಲದು. ಸಣ್ಣ ತಾಂಡಾದಲ್ಲಿ ‘ಇಬ್ಬರು ಹೆಣ್ಣುಮಕ್ಕಳ ವಿಧವೆ, ಕೊಡಗಿನ ತೋಟ’ ಎಂದಿಷ್ಟು ಬರೆದರೂ ಅವಳು ಯಾರೆಂದು ಮೇಸ್ತ್ರಿಗೆ ಗೊತ್ತಾಗುತ್ತದೆ. ಮಕ್ಕಳ ಸಂಖ್ಯೆಯನ್ನೋ ತೋಟದ ಸೀಮೆಯನ್ನೋ ಬಿಟ್ಟುಬಿಡಿ.