ಹುಲ್ಲಿನ ನೆರಳಿಗೆ ಬಿದ್ದ ಸ್ಟ್ರಿಂಗ್

ಸೋಲಾರ್ ಪ್ಲಾಂಟ್‌ಗೆ ಸೇರಿದ ಮೊದಲ ವರ್ಷ. ಬೆಳಿಗ್ಗೆ ಎಂಟೂವರೆಗೆ ಸ್ಟ್ರಿಂಗ್‌ಗಳ, ಅಂದರೆ ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳ, ತಂತಿಗಳು ಬಂದು ಸೇರುವ ಕಾಂಬೈನರ್ ಬಾಕ್ಸ್ ತೆರೆದು, ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಿಡಿದರೆ ಎಲ್ಲ ಸ್ಟ್ರಿಂಗ್‌ಗಳಲ್ಲೂ 4 ಆಂಪಿಯರ್, ಏಳನೆಯದರಲ್ಲಿ ಮಾತ್ರ 2. ಹನ್ನೊಂದರ ಹೊತ್ತಿಗೆ ಅದೂ ತಾನಾಗಿಯೇ ಸರಿಹೋಗುತ್ತಿತ್ತು. ಕನೆಕ್ಟರ್ ಲೂಸ್ ಇರಬೇಕು, ಬಿಸಿಯಾದ ಮೇಲೆ ಹಿಡಿದುಕೊಳ್ಳುತ್ತದೆ ಎಂದು ತೀರ್ಮಾನಿಸಿಬಿಟ್ಟೆ. ಎರಡು ದಿನ ಫ್ಯೂಸ್, ಕೇಬಲ್, ಇನ್ವರ್ಟರ್ ಲಾಗ್ ಎಲ್ಲ ಜಾಲಾಡಿದೆ. ಕರೆಂಟ್ ಹರಿಯುತ್ತಿರುವಾಗಲೇ ಕನೆಕ್ಟರ್ ಕಳಚಲು ಕೈ ಹಾಕಿದ್ದೆ ಕೂಡ. ಸುಮಾರು 700 ವೋಲ್ಟ್ ಡಿಸಿ. ಎಸಿಯಂತೆ ಅದು ಪ್ರತಿ ಆವರ್ತನದಲ್ಲೂ ಸೊನ್ನೆಗೆ ಇಳಿಯುವುದಿಲ್ಲ, ಹಾಗಾಗಿ ಕಿಡಿ ಹತ್ತಿದರೆ ಸುಲಭಕ್ಕೆ ಆರುವುದಿಲ್ಲ. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮೂರನೆಯ ದಿನ ನಮ್ಮ ಹಿರಿಯ ಟೆಕ್ನಿಷಿಯನ್ ಮೀಟರ್ ಮುಟ್ಟದೆ ಸಾಲಿನುದ್ದಕ್ಕೂ ನಡೆದರು. "ಇಲ್ಲಿ ಬಾರಪ್ಪ, ಕೆಳಗಿನ ಅಂಚು ನೋಡು." ಮಳೆಗೆ ಎದ್ದಿದ್ದ ಹುಲ್ಲಿನ ನೆರಳು ಮೂರು ಪ್ಯಾನೆಲ್‌ಗಳ ಕೆಳಗಿನ ಒಂದು ಸಾಲು ಸೆಲ್‌ಗಳ ಮೇಲೆ ಬಿದ್ದಿತ್ತು. ಅಂಗೈ ಅಗಲದ ಪಟ್ಟಿ.

"ಇಷ್ಟಕ್ಕೇ ಅರ್ಧ ಹೋಗುತ್ತಾ ಸಾರ್?"

ಹೋಗುತ್ತದೆ. ಬೆಳಕು ಬಿದ್ದಾಗ ಸಿಲಿಕಾನ್ ಸೆಲ್‌ನಲ್ಲಿ ಎಲೆಕ್ಟ್ರಾನುಗಳು ಕಳಚಿಕೊಳ್ಳುತ್ತವೆ, ಸೆಲ್ಲಿನೊಳಗೆ ಎರಡು ಬಗೆಯ ಸಿಲಿಕಾನ್ ಕೂಡುವ ಪಿ-ಎನ್ ಸಂಧಿಯ ವಿದ್ಯುತ್ ಕ್ಷೇತ್ರ ಅವನ್ನು ಒಂದೇ ಕಡೆಗೆ ತಳ್ಳುತ್ತದೆ. ಆದರೆ ಒಂದು ಸೆಲ್ ಕೊಡುವುದು ಅರ್ಧ ವೋಲ್ಟಿನಷ್ಟು. ಅದಕ್ಕೇ 72 ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿ ಒಂದು ಪ್ಯಾನೆಲ್, ಅಂಥ 20 ಸೇರಿ ನಮ್ಮಲ್ಲಿ ಒಂದು ಸ್ಟ್ರಿಂಗ್. ವೋಲ್ಟೇಜ್ ಕೂಡುತ್ತಾ ಹೋಗುತ್ತದೆ, ಕರೆಂಟ್ ಮಾತ್ರ ಎಲ್ಲ 1,440 ಸೆಲ್‌ಗಳಿಗೂ ಒಂದೇ. ನೆರಳಿನ ಸೆಲ್ ಅಡ್ಡ ನಿಂತರೆ ಕರೆಂಟ್ ಅಲ್ಲೇ ತಡೆಯುತ್ತದೆ, ಆ ಸೆಲ್ ಬಿಸಿಯಾಗುತ್ತದೆ.

ಅದನ್ನು ತಪ್ಪಿಸಲು ಪ್ಯಾನೆಲ್ಲಿನ ಹಿಂದೆ ಮೂರು ಬೈಪಾಸ್ ಡಯೋಡ್‌ಗಳಿರುತ್ತವೆ, ಒಂದೊಂದಕ್ಕೆ 24 ಸೆಲ್. ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟ್ ಸುತ್ತಿ ಹೋಗಲು ಅವು ದಾರಿ ಕೊಡುತ್ತವೆ. ನಮ್ಮ ಪ್ಯಾನೆಲ್‌ಗಳನ್ನು ಉದ್ದಕ್ಕೆ ನಿಲ್ಲಿಸಿ ಕೂರಿಸಿದ್ದರು. ಹಾಗೆ ಕೂರಿಸಿದಾಗ ಕೆಳಗಿನ ಸಾಲಿನಲ್ಲಿ ಮೂರೂ ಭಾಗದ ಸೆಲ್‌ಗಳಿರುತ್ತವೆ, ಮೂರೂ ಡಯೋಡ್ ತೆರೆದುಕೊಂಡು ಇಡೀ ಪ್ಯಾನೆಲ್ಲೇ ಲೆಕ್ಕದಿಂದ ಹೊರಗೆ. ಅಡ್ಡಡ್ಡ ಕೂರಿಸಿದ್ದರೆ ಮೂರರಲ್ಲಿ ಒಂದು ಭಾಗವಷ್ಟೇ ಹೋಗುತ್ತಿತ್ತು. ಮೂರು ಪ್ಯಾನೆಲ್ಲಿನ ವೋಲ್ಟೇಜ್ ಕಳೆದುಕೊಂಡ ಸ್ಟ್ರಿಂಗ್, ಎಲ್ಲ ಸ್ಟ್ರಿಂಗ್‌ಗಳೂ ಸೇರುವ ಲೋಹದ ಪಟ್ಟಿಯಾದ ಬಸ್‌ಬಾರ್‌ನಲ್ಲಿ, ಪಕ್ಕದವುಗಳ ವೋಲ್ಟೇಜಿಗೆ ಸರಿಗಟ್ಟಬೇಕು. ಹಾಗೆ ಸರಿಗಟ್ಟುವಾಗ ಅದರ ಕರೆಂಟ್ ಕುಸಿಯುತ್ತದೆ. ಹೊತ್ತೇರಿದಂತೆ ನೆರಳು ಸರಿದು ಮತ್ತೆ ಏರುತ್ತದೆ.

ಗ್ರಾಸ್ ಕಟರ್ ಹಾಕಿದರೆ ಕಲ್ಲು ಸಿಡಿದು ಗಾಜು ಒಡೆಯುತ್ತದೆಂದು ಹುಲ್ಲನ್ನು ಕೈಯಲ್ಲೇ ಕಿತ್ತೆವು. ಮರುದಿನ ಎಂಟೂವರೆಗೆ ಏಳನೆಯದೂ 4 ಆಂಪಿಯರ್. ಅಂದಿನಿಂದ ನಾನು ಮೀಟರ್ ತೆಗೆಯುವ ಮುಂಚೆ, ಬಿಸಿಲು ಓರೆಯಾಗಿರುವಾಗಲೇ, ಸಾಲುಗಳ ನಡುವೆ ಒಂದು ಸುತ್ತು ಹಾಕಿ ಬರುತ್ತೇನೆ.